ಮಾಮಾನ ಪರವಾಗಿ ಒಂದು ವಕಾಲತ್ತು

ಸದಾಶಿವ ಪೇಟೆ, ಪುಣೆ

ಪುಣೆಯಲ್ಲಿ ನೆಲೆಸಿ, ವಾರಾಂತ್ಯಕ್ಕೂ ಹಬ್ಬಹರಿದಿನಗಳಿಗೂ ಸ್ವಂತ ವಾಹನವೇರಿ ಬೆಳಗಾವಿ, ಹುಬ್ಬಳ್ಳಿ, ವಿಜಯಪುರ, ಬೆಂಗಳೂರುಗಳ ದಿಕ್ಕಿಗೆ ಧಾವಿಸುವ ಕನ್ನಡ ತರುಣ ತರುಣಿಯರಿಗೆ,

ಪ್ರಿಯ ಬಂಧುಗಳೇ,

ಯುಗಾದಿ ಸಮೀಪಿಸುತ್ತಿದೆ. ಹಿಂಜವಡಿ, ಖರಾಡಿ, ಮಗರಪಟ್ಟಾಗಳ ಕಚೇರಿಗಳಲ್ಲಿ ನಿಮ್ಮ ರಜೆಯ ಅರ್ಜಿಗಳು ಮಂಜೂರಾಗಿ, ವಾಹನದ ಚಕ್ರಗಳಿಗೆ ಗಾಳಿ ತುಂಬಿ, ಊರಿನಲ್ಲಿರುವ ತಾಯಿ ಹೂರಣಕ್ಕೆ ಬೇಳೆ ಎಷ್ಟು ಇಡಲೆಂದು ದೂರವಾಣಿಯಲ್ಲಿ ವಿಚಾರಿಸುವ ಹೊತ್ತು ಇದಾಗಿರುವುದರಿಂದ, ಹಿರಿಯನೊಬ್ಬನ ಪತ್ರವನ್ನು ಓದುವಷ್ಟು ವ್ಯವಧಾನ ನಿಮಗುಂಟೋ ಇಲ್ಲವೋ ಎಂಬ ಅಳುಕಿನಿಂದಲೇ ಲೇಖನಿಯನ್ನು ಹಿಡಿದಿದ್ದೇನೆ. ಬಿನ್ನಹ ಸಣ್ಣದು, ಅದನ್ನು ಮೊದಲೇ ಅರಿಕೆ ಮಾಡಿಬಿಡುತ್ತೇನೆ. ಸಾತಾರಾ ರಸ್ತೆಯಲ್ಲಿ ಎಲ್ಲಿಯೋ ಒಂದು ಮರದ ನೆರಳಿನಲ್ಲಿ ಪೊಲೀಸರು, ಎಂದರೆ ಪುಣೆಯವರ ಮಾತಿನಲ್ಲಿ ‘ಮಾಮಾ’, ವೇಗಮಾಪಕವನ್ನು ಹಿಡಿದು ನಿಂತಿರುವುದು ಕಣ್ಣಿಗೆ ಬಿದ್ದೊಡನೆ, ಎದುರಿನಿಂದ ಬರುತ್ತಿರುವ ಅಪರಿಚಿತರಿಗೆ ಎರಡು ಸಲ ಡಿಪ್ಪರ್ ಹೊಡೆದು ಎಚ್ಚರಿಸುವ ಪರೋಪಕಾರವುಂಟಲ್ಲ, ಅದನ್ನು ದಯವಿಟ್ಟು ಬಿಟ್ಟುಬಿಡಿ.

ಇಷ್ಟು ಹೇಳಿ ರುಜು ಮಾಡಿಬಿಡಬಹುದಾಗಿತ್ತು. ಆದರೆ ಕಾರಣವನ್ನು ಕೊಡದೆ ಬುದ್ಧಿಯನ್ನು ಮಾತ್ರ ಕೊಡುವ ಹಿರಿಯರ ಮಾತನ್ನು ಯಾವ ಕಾಲದ ತರುಣರೂ ಕೇಳಿದ್ದಿಲ್ಲ. ನನ್ನ ಕಾರಣಗಳೋ, ಕಾಯಿದೆಯ ಗ್ರಂಥಗಳಿಂದ ಬಂದವುಗಳಲ್ಲ. ಅವುಗಳಲ್ಲಿ ಹೆಚ್ಚಿನವು ಭಾನುವಾರ ಬೆಳಗಿನ ದೂರದರ್ಶನದಿಂದ ಬಂದಂಥವು. ಆದುದರಿಂದ ಸ್ವಲ್ಪ ಸುತ್ತುಬಳಸಿನ ದಾರಿಯಲ್ಲಿ ನನ್ನೊಡನೆ ನಿಧಾನವಾಗಿ ಬರಬೇಕೆಂದು ಕೋರುತ್ತೇನೆ.

ನನ್ನ ಪೀಳಿಗೆಯ ಉತ್ತರ ಕರ್ನಾಟಕದ ಹಳ್ಳಿಗರಿಗೆ ದೂರದರ್ಶನವೆಂಬುದೇ ಒಂದು ವೈಜ್ಞಾನಿಕ ಕಲ್ಪನಾಕಥೆಯಾಗಿತ್ತು. 1975ರ ಆಗಸ್ಟ್ 1ರಿಂದ ಮರುವರ್ಷದ ಜುಲೈ 31ರವರೆಗೆ, ಅಮೆರಿಕದ ನಾಸಾ ಸಂಸ್ಥೆಯಿಂದ ಎರವಲು ಪಡೆದ ಎಟಿಎಸ್-6 ಎಂಬ ಉಪಗ್ರಹದ ಮೂಲಕ, ನಮ್ಮ ಇಸ್ರೋ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಚಿತ್ರಗಳನ್ನು ಇಳಿಸಿತು. ಕರ್ನಾಟಕದ ಪಾಲಿಗೆ ಬಂದ ಹಳ್ಳಿಗಳೆಲ್ಲ ಅಂದಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳವು. ತಾಲ್ಲೂಕಿನಿಂದ ಹೊರಟ ಬಸ್ಸು ಎಂದು ಬಂದೀತೆಂದು ಹೇಳಲಾಗದಿದ್ದ ಊರಿಗೆ, 36,000 ಕಿಲೋಮೀಟರ್ ಎತ್ತರದಿಂದ ಹೊರಟ ಚಿತ್ರವು ಒಂದು ಸೆಕೆಂಡಿನ ಎಂಟನೆಯ ಒಂದು ಪಾಲಿನಷ್ಟು ಅವಧಿಯಲ್ಲಿ ಬಂದು ಮುಟ್ಟುತ್ತಿತ್ತು. ಶಾಲೆಯ ಅಂಗಳದಲ್ಲಿ, ಕೋಳಿಗೂಡಿಗೆ ಬಡಿಯುವಂತಹ ತಂತಿಬಲೆಯಿಂದ ಹೆಣೆದ ಹತ್ತು ಅಡಿ ಅಗಲದ ಬೋಗುಣಿಯೊಂದು ಆಕಾಶಕ್ಕೆ ಮುಖಮಾಡಿ ನಿಂತಿರುತ್ತಿತ್ತು. ಅದರ ಅಂಚಿನಲ್ಲಿ ಗುಬ್ಬಿಗಳು ಸಾಲುಗಟ್ಟಿ ಕುಳಿತರೆ ಅಡ್ಡಿಯಾಗಿ ಚಿತ್ರವು ಮಸುಕಾಗುವುದೆಂದು ನಂಬಿದ್ದ ನಮ್ಮೂರಿನ ಹಿರಿಯರೊಬ್ಬರು ಸಂಜೆಯಾದೊಡನೆ ಕವಣೆಯನ್ನು ಹಿಡಿದು ಕಾವಲಿಗೆ ಕೂರುತ್ತಿದ್ದರು. ಭೂಮಿಯೊಡನೆ ಸಮನಾಗಿ ಸುತ್ತುತ್ತ, ಕೆಳಗಿನವರಿಗೆ ನಿಂತಂತೆಯೇ ತೋರುವ ಇಂತಹ ಪ್ರಸಾರ ನೆಲೆಗಳನ್ನು ಆರ್ಥರ್ ಸಿ. ಕ್ಲಾರ್ಕ್ ಎಂಬ ಲೇಖಕರು 1945ರಷ್ಟು ಹಿಂದೆಯೇ ಕಲ್ಪಿಸಿದ್ದರೆಂಬುದು ನನಗೆ ತಿಳಿದದ್ದು ಬಹುಕಾಲದ ಮೇಲೆ. ಅತಿವೇಗವಾಗಿ ಚಲಿಸುವುದೇ ನಿಶ್ಚಲವಾಗಿ ತೋರಬಲ್ಲುದೆಂಬ ಸಂಗತಿ ಮಾತ್ರ ಅಂದೇ ಮನಸ್ಸಿನಲ್ಲಿ ನಾಟಿತು.

ಮುಂದೆ ಎಂಬತ್ತರ ದಶಕದಲ್ಲಿ, ಪಿಂಪರಿಯ ಕಾರ್ಖಾನೆಯೊಂದರ ನೌಕರಿಯ ನಿಮಿತ್ತ ಈ ಪಟ್ಟಣಕ್ಕೆ ಬಂದು, ಸದಾಶಿವ ಪೇಟೆಯ ಹಳೆಯ ವಾಡೆಯೊಂದರಲ್ಲಿ ಕೋಣೆ ಹಿಡಿದೆನು. ವಾಡೆಯ ಯಜಮಾನರಲ್ಲಿ, ಮರದ ಬಾಗಿಲುಗಳುಳ್ಳ ಪೆಟ್ಟಿಗೆಯೊಳಗೆ, ಬೀಗ ಹಾಕಿದ ಒಂದು ಟಿವಿ ಇತ್ತು. ಮಾಳಿಗೆಯ ಮೇಲಿನ ಅದರ ಆಂಟೆನಾ, ತಾನಾಜಿಯ ಸಿಂಹಗಡದ ಮೇಲೆ ಎದ್ದು ನಿಂತಿರುವ ಮರುಪ್ರಸಾರ ಗೋಪುರದ ಕಡೆಗೆ ಭಕ್ತಿಯಿಂದ ಮುಖ ಮಾಡಿಕೊಂಡಿರುತ್ತಿತ್ತು. ಭಾನುವಾರ ಬೆಳಿಗ್ಗೆ ಬೀಗ ತೆಗೆಯುತ್ತಿದ್ದರು. ‘ಚಪ್ಪಲಿಗಳನ್ನು ಹೊರಗೆ, ಅಭಿಪ್ರಾಯಗಳನ್ನು ಒಳಗೆ ಇಟ್ಟುಕೊಳ್ಳತಕ್ಕದ್ದು’ ಎಂಬ ಅರ್ಥದ ಮರಾಠಿ ಫಲಕವು ಬಾಗಿಲಲ್ಲಿ ತೂಗುತ್ತಿತ್ತು. ಪುಣೇರಿ ಪಾಟಿಗಳ ವೈಖರಿಯನ್ನು ಬಲ್ಲ ನಿಮಗೆ ಅದನ್ನು ಬಣ್ಣಿಸಬೇಕಾದುದಿಲ್ಲ.

ಅಲ್ಲಿ ಕುಳಿತೇ ನಾವು ‘ಸ್ಟಾರ್ ಟ್ರೆಕ್’ ಎಂಬ ಅಮೆರಿಕದ ಧಾರಾವಾಹಿಯನ್ನು ನೋಡಿದ್ದು. ಅದು ಅಲ್ಲಿ 1966ರಿಂದ 1969ರವರೆಗೆ 79 ಕಂತುಗಳಲ್ಲಿ ಪ್ರಸಾರವಾಗಿ ಮುಗಿದು, ನಮ್ಮಲ್ಲಿಗೆ ಸಾಕಷ್ಟು ತಡವಾಗಿ ಬಂದಿತ್ತು. ಆದರೆ ನಕ್ಷತ್ರಗಳಿಂದ ಬರುವ ಬೆಳಕೇ ತಡವಾಗಿ ಬರುವಾಗ ಧಾರಾವಾಹಿಯನ್ನು ಆಕ್ಷೇಪಿಸುವವರಾರು? ಅದರಲ್ಲಿ ನೌಕೆಯ ವೇಗವನ್ನು ‘ವಾರ್ಪ್’ ಎಂಬ ಅಳತೆಯಿಂದ ಎಣಿಸುತ್ತಿದ್ದರು. ಅಂಕಿಯ ಘನವೇ ಬೆಳಕಿನ ವೇಗದ ಮಡಿ ಎಂಬುದು ಅದರ ಲೇಖಕರು ಇಟ್ಟುಕೊಂಡಿದ್ದ ಸೂತ್ರ. ವಾರ್ಪ್ ಎರಡೆಂದರೆ ಬೆಳಕಿನ ಎಂಟು ಮಡಿ. ಆರೆಂದರೆ 216 ಮಡಿ. ಎಂಟೆಂದರೆ 512 ಮಡಿ. ಇಂತಹ ವೇಗದಲ್ಲಿ ಹಾರುವ ನೌಕೆಯಲ್ಲಿ ಸೀಟ್ ಬೆಲ್ಟ್ ಎಂಬುದು ಹೆಸರಿಗೂ ಇರಲಿಲ್ಲ! ಶತ್ರುವಿನ ಏಟು ತಗುಲಿತೆಂದರೆ ಕ್ಯಾಮೆರಾವನ್ನು ಓರೆ ಮಾಡುವರು; ಕೂಡಲೇ ಕಪ್ತಾನನಿಂದ ಮೊದಲುಗೊಂಡು ಎಲ್ಲರೂ ಆಸನಗಳಿಂದ ಎಡಕ್ಕೂ ಬಲಕ್ಕೂ ಹಾರಿ ಬೀಳುವರು; ಬಳಿಕ ಎದ್ದು ಅಂಗಿಯನ್ನು ಜಗ್ಗಿ ಸರಿಪಡಿಸಿಕೊಂಡು, ಏನೂ ಆಗದವರಂತೆ ಸಂಭಾಷಣೆಯನ್ನು ಮುಂದುವರಿಸುವರು. ಯಜಮಾನರ ವೃದ್ಧ ಮಾತೃಶ್ರೀಯವರು ಇದನ್ನು ನೋಡಿ ನೋಡಿ ಬೇಸತ್ತು, ‘ಇಷ್ಟು ದೊಡ್ಡ ಗಾಡಿ ಮಾಡಿದವರಿಗೆ ಒಂದು ಹಗ್ಗ ಕಟ್ಟಿಕೊಳ್ಳಲು ಏನಾಗಿತ್ತು’ ಎಂದು ಕೇಳಿದ ಪ್ರಶ್ನೆಗೆ ಆ ದಿನವೂ ಉತ್ತರವಿರಲಿಲ್ಲ. ಹಿಂದಿನ ಆಸನದಲ್ಲಿ ಬೆಲ್ಟ್ ಕಟ್ಟಿಕೊಳ್ಳದ ನಿಮ್ಮಲ್ಲಿಯೂ ಇರಲಾರದು.

ಆದರೆ ನಾನು ಹೇಳಹೊರಟದ್ದು ಬೇರೆ. ಆ ಧಾರಾವಾಹಿಯ ನಾಯಕನು ಕಪ್ತಾನ ಕರ್ಕ್. ವೇಗವನ್ನು ಹೆಚ್ಚಿಸಲು ಆಜ್ಞೆ ಕೊಡುವವನು ಅವನೇ. ಆತನ ಪಕ್ಕದಲ್ಲಿ ಚೂಪುಗಿವಿಯ ಸ್ಪಾಕ್ ಎಂಬವನೊಬ್ಬನು ಯಂತ್ರದೊಳಕ್ಕೆ ಇಣುಕುತ್ತ, ಹರ್ಷವಿಷಾದಗಳೆರಡೂ ಇಲ್ಲದ ಮುಖದಿಂದ, ಆಗಿರುವುದೆಷ್ಟು, ಉಳಿದಿರುವುದೆಷ್ಟು, ಬದುಕುವ ಸಂಭವವೆಷ್ಟು ಎಂಬ ಅಂಕಿಗಳನ್ನು ಹೇಳುತ್ತಲೇ ಇರುತ್ತಿದ್ದ. ಕೆಳಗಿನ ಯಂತ್ರಾಗಾರದಲ್ಲಿ ಸ್ಕಾಟ್ ಎಂಬ ಇಂಜಿನಿಯರನು, ಇನ್ನು ತಡೆಯದು, ಇನ್ನು ತಡೆಯದು ಎಂದು ಕೂಗಿಕೊಳ್ಳುತ್ತಿದ್ದ. ನೌಕೆಯು ಒಂದೊಂದು ವಾರವೂ ಮನೆ ಸೇರಿದ್ದು ಕಪ್ತಾನನ ಶೌರ್ಯದಿಂದಲೋ ಈ ಇಬ್ಬರು ಅಪ್ರಿಯಭಾಷಿಗಳಿಂದಲೋ ಎಂದು ಯೋಚಿಸಿದರೆ, ನನ್ನ ಮತ ಎರಡನೆಯ ಪಕ್ಷಕ್ಕೆ.

‘ಸ್ಟ್ರೀಟ್ ಹಾಕ್’ ಎಂಬುದನ್ನು ನಿಮ್ಮ ತಂದೆಯವರು ಖಂಡಿತ ಬಲ್ಲರು. ಕೇಳಿನೋಡಿ, ಅವರ ಮುಖದ ಮೇಲೆ ಹದಿನಾಲ್ಕರ ಪ್ರಾಯ ಮರಳುವುದು. 1985ರಲ್ಲಿ ಅಮೆರಿಕದಲ್ಲಿ ಹದಿಮೂರು ಕಂತುಗಳಷ್ಟೇ ಆಗಿ ನಿಂತುಹೋದ ಈ ಧಾರಾವಾಹಿಯು ನಮ್ಮ ದೂರದರ್ಶನದಲ್ಲಿ ಪಡೆದ ಮನ್ನಣೆಯನ್ನು ತನ್ನ ತವರಿನಲ್ಲಿ ಪಡೆಯಲಿಲ್ಲ. ಜೆಸ್ಸಿ ಮ್ಯಾಕ್ ಎಂಬ ಪೊಲೀಸನು ಗಾಯಗೊಂಡು, ಹಗಲಿನಲ್ಲಿ ಕಚೇರಿಯ ಕಾಗದಪತ್ರದ ಕೆಲಸಕ್ಕೆ ನಿಯುಕ್ತನಾಗಿ, ರಾತ್ರಿಯ ವೇಳೆ ಗುಟ್ಟಿನಲ್ಲಿ ಗಂಟೆಗೆ 300 ಮೈಲಿ ಓಡುವ ಕಪ್ಪು ಮೋಟಾರು ಸೈಕಲ್ಲನ್ನು ಏರುವನು. ಸಂಚಾರ ನಿಯಮವನ್ನು ಚೂರು ಚೂರು ಮಾಡುವವನು ಪೊಲೀಸನೇ ಎಂಬುದು ಅದರ ಸ್ವಾರಸ್ಯ. ಆದರೆ ಗಮನಿಸಿ: ಆ ಪರಮವೇಗವನ್ನು ತೆರೆಯುವ ಅಧಿಕಾರ ಸವಾರನಲ್ಲಿರಲಿಲ್ಲ. ನಿಯಂತ್ರಣ ಕೊಠಡಿಯಲ್ಲಿ ಕುಳಿತ ನಾರ್ಮನ್ ಎಂಬ ಕನ್ನಡಕದ ಸಾಧುಪ್ರಾಣಿಯು ಗಣಕಯಂತ್ರದಲ್ಲಿ ಮಾರ್ಗವನ್ನು ಲೆಕ್ಕಹಾಕಿ, ಮುಂದೆ ಅಡ್ಡಿಯಿಲ್ಲವೆಂದು ನಿಶ್ಚಯಿಸಿಕೊಂಡ ಮೇಲೆಯೇ ವಾಹನವು ಹಾರುವುದು. ನಮ್ಮ ವಾಡೆಯ ಹುಡುಗರಿಗೆ ಈ ಭಾಗ ರುಚಿಸಲಿಲ್ಲ. ಅವರು ಯಜಮಾನರ ಲೂನಾ ಮೊಪೆಡ್ಡಿಗೆ, ಟಿವಿ ಬಂದ ಪೆಟ್ಟಿಗೆಯ ರಟ್ಟನ್ನೇ ಕತ್ತರಿಸಿ, ಬೂಟ್ ಪಾಲಿಶಿನಿಂದ ಕಪ್ಪು ಬಳಿದು, ಸುತಳಿಯಿಂದ ಮುಂದೆಯೂ ಹಿಂದೆಯೂ ಕಟ್ಟಿ, ಮೂವರು ಏರಿಕೊಂಡು ಪರ್ವತಿಯ ಕಡೆಯ ಇಳಿಜಾರಿನಲ್ಲಿ ಬಿಟ್ಟರು. ಇದಿರುಗಾಳಿಗೆ ರಟ್ಟು ಹಾಯಿಯಂತೆ ಉಬ್ಬಿ ಇದ್ದ ವೇಗವೂ ಇಳಿದುಹೋಯಿತು. ಚೌಕದಲ್ಲಿದ್ದ ಮಾಮಾ ಸೀಟಿ ಊದಿ ತಡೆದದ್ದು ವೇಗಕ್ಕಾಗಿ ಅಲ್ಲ, ಟ್ರಿಪಲ್ ಸೀಟಿಗಾಗಿ. ತಡೆದ ಮೇಲೆ ಆ ಸಲಕರಣೆಯನ್ನು ಸುತ್ತಲೂ ನಡೆದು ನೋಡಿ, ಇದು ಯಾವ ಕಂಪನಿಯ ಹೊಸ ಮಾದರಿಯೆಂದು ಗಂಭೀರವಾಗಿ ಕೇಳಿದನಂತೆ.

ದೇಶೀಯ ಪ್ರಯತ್ನಗಳೂ ಇದ್ದವು. 1989ರ ಸುಮಾರಿಗೆ ‘ಸ್ಪೇಸ್ ಸಿಟಿ ಸಿಗ್ಮಾ’ ಬಂತು; ಅದರ ಖಳನಾದ ಜಖಾಕೂವಿನ ನೆನಪಿನಿಂದ ನಮ್ಮ ಓಣಿಯ ಮಕ್ಕಳು ಅನೇಕ ರಾತ್ರಿ ಬೇಗ ಮಲಗಿದರು. ಅದೇ ವರ್ಷದ ‘ಇಂದ್ರಧನುಷ್’ನಲ್ಲಿ ಮಕ್ಕಳು ಕೂಡಿ ಗಣಕಯಂತ್ರವನ್ನು ಕಟ್ಟಿ ಕಾಲಪ್ರಯಾಣ ಮಾಡುವರು; ಅದರಲ್ಲಿ ತಂದೆಯ ಪಾತ್ರಕ್ಕೆ ನಮ್ಮ ಗಿರೀಶ ಕಾರ್ನಾಡರು. ‘ಮಾಲ್ಗುಡಿ ಡೇಸ್’ನ ಸ್ವಾಮಿಯ ತಂದೆಯೂ ಅವರೇ ಆಗಿದ್ದುದರಿಂದ, ದೂರದರ್ಶನದಲ್ಲಿ ಮಕ್ಕಳನ್ನು ಹದ್ದುಬಸ್ತಿನಲ್ಲಿಡುವ ಕೆಲಸವನ್ನೆಲ್ಲ ಕನ್ನಡಿಗರಿಗೆ ಗುತ್ತಿಗೆ ಕೊಟ್ಟಂತಿತ್ತು. 1974–75ರಲ್ಲಿ ಇದೇ ಪುಣೆಯ ಚಲನಚಿತ್ರ ಸಂಸ್ಥೆಯ ನಿರ್ದೇಶಕರಾಗಿದ್ದ ಕಾರ್ನಾಡರು, ತೊಂಬತ್ತರ ದಶಕದ ಮೊದಲಲ್ಲಿ ‘ಟರ್ನಿಂಗ್ ಪಾಯಿಂಟ್’ ಎಂಬ ವಿಜ್ಞಾನ ಕಾರ್ಯಕ್ರಮವನ್ನು ನಡೆಸಿಕೊಟ್ಟರು. ಅದರಲ್ಲಿ ಪ್ರೊಫೆಸರ್ ಯಶಪಾಲರು ವೀಕ್ಷಕರ ಪ್ರಶ್ನೆಗಳಿಗೆ ನಗುನಗುತ್ತ ಉತ್ತರ ಹೇಳುವುದನ್ನು ಕಾಯುತ್ತಿದ್ದೆವು. 1998ರ ‘ಕ್ಯಾಪ್ಟನ್ ವ್ಯೋಮ್’ ಬರುವ ವೇಳೆಗೆ ನಾನು ಮಕ್ಕಳ ನೆಪ ಹೇಳಿಕೊಂಡು ನೋಡುವ ವಯಸ್ಸನ್ನು ತಲಪಿದ್ದೆ.

ಇವೆಲ್ಲಕ್ಕಿಂತ ಹೆಚ್ಚಾಗಿ ಪುಣೆಯ ಹೆಮ್ಮೆಯೆಂದರೆ ಜಯಂತ ನಾರ್ಳೀಕರರು. ಕೊಲ್ಹಾಪುರದಲ್ಲಿ ಹುಟ್ಟಿ, ಕೇಂಬ್ರಿಜ್ಜಿನಲ್ಲಿ ಫ್ರೆಡ್ ಹಾಯ್ಲರೊಡನೆ ಗುರುತ್ವಾಕರ್ಷಣದ ಸಿದ್ಧಾಂತವನ್ನು ಕಟ್ಟಿ, 1988ರಲ್ಲಿ ಸ್ಥಾಪಿತವಾದ ಇಲ್ಲಿಯ ಐಯುಕಾ ಎಂಬ ಖಗೋಳವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರಾಗಿ, 2025ರ ಮೇ 20ರಂದು ಇದೇ ಊರಿನಲ್ಲಿ ಕಣ್ಮುಚ್ಚಿದ ಆ ಮಹಾನುಭಾವರು, ಮರಾಠಿಯಲ್ಲಿ ವೈಜ್ಞಾನಿಕ ಕಥೆಗಳನ್ನು ಬರೆಯತೊಡಗಿದ್ದು 1974ರಲ್ಲಿ, ಒಂದು ಸ್ಪರ್ಧೆಗೆ ತಮ್ಮ ಹೆಸರನ್ನು ಮರೆಸಿ ಕಳುಹಿದ ‘ಕೃಷ್ಣವಿವರ’ ಎಂಬ ಕಥೆಯಿಂದ. ಹಸ್ತಾಕ್ಷರ ಬೇಡಿ ಮುತ್ತುವ ಮಕ್ಕಳಿಗೆ, ಅಂಚೆಕಾರ್ಡಿನಲ್ಲಿ ಒಂದು ಪ್ರಶ್ನೆ ಬರೆದು ಕಳುಹಿ, ಉತ್ತರದ ಕೆಳಗೆ ನನ್ನ ರುಜು ಸಿಕ್ಕುವುದು ಎಂದು ಅವರು ಹೇಳುತ್ತಿದ್ದರು. ಕೃಷ್ಣವಿವರದ, ಎಂದರೆ ಕಪ್ಪುಕುಳಿಯ, ಬಳಿ ಕಾಲವು ನಿಧಾನವಾಗುವಂತೆಯೇ ವೇಗವಾಗಿ ಚಲಿಸುವವನ ಕಾಲವೂ ನಿಧಾನವಾಗುವುದಷ್ಟೆ. ಈ ಲೆಕ್ಕದಂತೆ, ನೀವು ಪುಣೆಯಿಂದ ಬೆಂಗಳೂರಿಗೆ ಗಂಟೆಗೆ 120 ಕಿಲೋಮೀಟರಿನಂತೆ ಏಳು ಗಂಟೆ ಎಡೆಬಿಡದೆ ಓಡಿಸಿದರೆ, ಮನೆಯಲ್ಲಿ ಕುಳಿತವರಿಗಿಂತ ಒಂದು ಸೆಕೆಂಡಿನ ನೂರು ಕೋಟಿ ಭಾಗ ಮಾಡಿ, ಅದರಲ್ಲಿ ಒಂದು ಭಾಗದ ಆರನೆಯ ಒಂದಂಶದಷ್ಟು ಯೌವನವನ್ನು ಉಳಿಸಿಕೊಳ್ಳುವಿರಿ. ವೇಗದ ಲಾಭಗಳಲ್ಲಿ ಶಾಸ್ತ್ರಸಮ್ಮತವಾದದ್ದು ಅದೊಂದೇ.

ಈಗ ಮಾಮಾನ ಕೈಯಲ್ಲಿರುವ ಯಂತ್ರಕ್ಕೆ ಬರೋಣ. ಗೆಲಕ್ಸಿಗಳು ನಮ್ಮಿಂದ ದೂರ ಸರಿಯುತ್ತಿವೆಯೆಂದು ಐಯುಕಾದ ವಿದ್ವಾಂಸರು ಯಾವ ತತ್ತ್ವದಿಂದ ತಿಳಿಯುತ್ತಾರೋ ಅದೇ ತತ್ತ್ವದಿಂದ ನಿಮ್ಮ ಕಾರು ಹತ್ತಿರ ಸರಿಯುತ್ತಿರುವುದನ್ನು ಅವನ ರೇಡಾರು ತಿಳಿಯುತ್ತದೆ: 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಪ್ರಾಗ್ ನಗರದಲ್ಲಿ ಮಂಡಿಸಿದ ತತ್ತ್ವವದು. ರೇಡಾರಿನಿಂದ ಹೊರಟ ಅಲೆಯು ನಿಮ್ಮ ವಾಹನಕ್ಕೆ ತಾಗಿ ಮರಳುವಾಗ ಅದರ ಆವರ್ತನವು ತುಸು ಏರಿರುತ್ತದೆ. ಸಾಮಾನ್ಯ ಬಳಕೆಯ 24 ಗಿಗಾಹರ್ಟ್ಸ್ ರೇಡಾರಿನಲ್ಲಿ ಗಂಟೆಗೆ ಒಂದೊಂದು ಕಿಲೋಮೀಟರಿಗೂ ಸುಮಾರು 45 ಹರ್ಟ್ಸ್ ವ್ಯತ್ಯಾಸ. ಅಂದರೆ 80ರ ವೇಗಕ್ಕೆ 3,600 ಹರ್ಟ್ಸ್. ಇದು ಕಿವಿಗೆ ಕೇಳುವಂತಹ ಸ್ವರ. ಕೆಲವು ಯಂತ್ರಗಳು ಅದನ್ನು ಕೇಳಿಸಲೂ ಕೇಳಿಸುತ್ತವೆ. ಹಾರ್ಮೋನಿಯಮ್ಮಿನ ಕೊನೆಯ ಮನೆಯನ್ನೂ ದಾಟಿದ ತಾರಸ್ವರದಲ್ಲಿ ನಿಮ್ಮ ಕಾರು ಹಾಡುತ್ತ ಬರುವುದನ್ನು ಕಲ್ಪಿಸಿಕೊಳ್ಳಿ! ಯುದ್ಧಕಾಲದ ರೇಡಾರು ರಸ್ತೆಗೆ ಇಳಿದು ಪೊಲೀಸರ ಕೈಸೇರಿದ್ದು 1947ರಲ್ಲಿ, ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ. ಅದೇ ವರ್ಷದ ಜೂನ್ 24ರಂದು ಕೆನೆತ್ ಆರ್ನಲ್ಡ್ ಎಂಬ ವಿಮಾನಚಾಲಕನು ಒಂಬತ್ತು ವಿಚಿತ್ರ ವಸ್ತುಗಳು ಆಕಾಶದಲ್ಲಿ ಹಾರಿದ್ದನ್ನು ಕಂಡೆನೆಂದು ಹೇಳಿ, ಹಾರುವ ತಟ್ಟೆಗಳ ಯುಗಕ್ಕೆ ನಾಂದಿ ಹಾಡಿದನು. ಅವನು ಮಾಡಿದ ಮೊದಲ ಕೆಲಸವೇನು ಬಲ್ಲಿರಾ? ರೇನಿಯರ್, ಆಡಮ್ಸ್ ಎಂಬ ಎರಡು ಪರ್ವತಶಿಖರಗಳ ನಡುವಣ ದೂರವನ್ನು ಅವು ಎಷ್ಟು ಹೊತ್ತಿನಲ್ಲಿ ಕ್ರಮಿಸಿದವೆಂದು ಗಡಿಯಾರ ನೋಡಿ, ಗಂಟೆಗೆ 1,200 ಮೈಲಿಗಿಂತ ಕಡಿಮೆಯಿಲ್ಲವೆಂದು ತೀರ್ಮಾನಿಸಿದ್ದು. ಜಗತ್ತಿನ ಮೊದಲ ಹಾರುವ ತಟ್ಟೆಗಳು ಸಿಕ್ಕಿಬಿದ್ದುದು, ಹೀಗೆ, ಒಂದು ಸ್ಪೀಡ್ ಟ್ರ್ಯಾಪಿನಲ್ಲಿ. ಮುಂಬಯಿ–ಪುಣೆ ದ್ರುತಗತಿ ಮಾರ್ಗದ 94.5 ಕಿಲೋಮೀಟರಿನ ಉದ್ದಕ್ಕೆ 2024ರಲ್ಲಿ ಚಾಲನೆಗೊಂಡ ಕ್ಯಾಮೆರಾಗಳಲ್ಲಿ ಸರಾಸರಿ ವೇಗವನ್ನು ಹಿಡಿಯುವಂಥವು ಮಾಡುವುದೂ ಇದನ್ನೇ. ಪರ್ವತಗಳ ಬದಲು ಕಂಬಗಳು.

ಈ ಯಂತ್ರದೊಡನೆ ವಾದಿಸಿ ಗೆದ್ದವರನ್ನು ನಾನು ಕಂಡಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ, ಭೌತಶಾಸ್ತ್ರದ ಅಧ್ಯಾಪಕರಾದ ಮಿತ್ರರೊಬ್ಬರ ಮಾರುತಿಯಲ್ಲಿ ನಾವು ಧಾರವಾಡಕ್ಕೆ ಹೊರಟಿದ್ದಾಗ, ಶಿರವಳದ ಬಳಿ ನಮ್ಮನ್ನು ತಡೆದರು. ಯಂತ್ರದಲ್ಲಿ 84 ಮೂಡಿತ್ತು. ಮಿತ್ರರು ಕೆಳಗಿಳಿದು, ಧೂಳು ಕವಿದ ಬಾನೆಟ್ಟಿನ ಮೇಲೆ ಬೆರಳಿನಿಂದ ತ್ರಿಕೋನವೊಂದನ್ನು ಬರೆದು, ‘ನೀವು ರಸ್ತೆಯ ನೇರದಲ್ಲಿ ನಿಂತಿಲ್ಲ, ಓರೆಯಾಗಿ ನಿಂತಿದ್ದೀರಿ, ಈ ಕೋನ 20 ಡಿಗ್ರಿಯಾದರೂ ಇದೆ, ಆದ್ದರಿಂದ ನಿಮ್ಮ ಯಂತ್ರ ಅಳೆಯುವುದು ನಿಜವಾದ ವೇಗವನ್ನಲ್ಲ, ಆ ಕೋನದ ಕೊಸೈನಿನಿಂದ ಗುಣಿಸಿದ ವೇಗವನ್ನು’ ಎಂದು ನಿರರ್ಗಳವಾಗಿ ವಿವರಿಸಿದರು. ಮಾಮಾ ಟೋಪಿಯನ್ನು ತೆಗೆದು ಶ್ರದ್ಧೆಯಿಂದ ಆಲಿಸುತ್ತಿದ್ದ. ಆಗ ಹಿಂದಿನ ಆಸನದಲ್ಲಿ ಹೆಣೆಯುತ್ತ ಕುಳಿತಿದ್ದ ಮಿತ್ರರ ಪತ್ನಿ, ಹೈಸ್ಕೂಲಿನಲ್ಲಿ ಗಣಿತ ಹೇಳುವವರು, ತಲೆಯೆತ್ತದೆಯೇ ನುಡಿದರು: ‘ಕೊಸೈನ್ ಒಂದಕ್ಕಿಂತ ಕಡಿಮೆಯಲ್ಲವೇ? ಹಾಗಾದರೆ ನಿಜವಾದ ವೇಗ 89 ಆಯಿತು.’ ಈ ಕನ್ನಡ ಸಂಭಾಷಣೆಯಲ್ಲಿ ಅಂಕಿಯೊಂದನ್ನು ಹೇಗೋ ಹಿಡಿದುಕೊಂಡ ಮಾಮಾ, ಅತ್ಯಂತ ವಿನಯದಿಂದ, ‘ಮಗ ದಂಡ ವಾಢವೂ ಕಾ, ಸರ್?’ ಎಂದ. ಹಾಗಿದ್ದರೆ ದಂಡವನ್ನು ಏರಿಸಲೇ ಎಂದು. ಮಿತ್ರರು ತ್ರಿಕೋನವನ್ನು ಕರವಸ್ತ್ರದಿಂದ ಒರೆಸಿ ಹಣ ಕೊಟ್ಟರು. ಆ ಕಾಲಕ್ಕೆ ಮೋಟಾರು ವಾಹನ ಕಾಯಿದೆಯ 183ನೆಯ ಕಲಮಿನಂತೆ ಮೊದಲ ತಪ್ಪಿಗೆ ಹೆಚ್ಚೆಂದರೆ 400 ರೂಪಾಯಿ. 2019ರ ತಿದ್ದುಪಡಿಯ ತರುವಾಯ ಲಘುವಾಹನಕ್ಕೆ 1,000ದಿಂದ 2,000.

ಕೆಂಪುದೀಪವನ್ನು ಮೀರಿದ ವಿಜ್ಞಾನಿಯೊಬ್ಬನು, ವೇಗದಿಂದಾಗಿ ಅದು ನನಗೆ ಹಸಿರಾಗಿ ಕಂಡಿತೆಂದು ನ್ಯಾಯಾಧೀಶರ ಮುಂದೆ ವಾದಿಸಿದನೆಂಬ ಹಳೆಯ ವಿನೋದವನ್ನು ನೀವು ಕೇಳಿರಬೇಕು. ಅದು ನಿಜವಾಗಬೇಕಾದರೆ ಸೆಕೆಂಡಿಗೆ ಸುಮಾರು 60,000 ಕಿಲೋಮೀಟರಿನ ವೇಗ ಬೇಕು. ಅತಿವೇಗದ ದಂಡವು ಕೆಂಪುದೀಪದ ದಂಡಕ್ಕಿಂತ ಅಗ್ಗವಾಗಿ ಬರುವ ದಾರಿ ನನಗೆ ಕಾಣುವುದಿಲ್ಲ.

ಇನ್ನು ನಿಮ್ಮ ಡಿಪ್ಪರು. ಇದು ನಿಮ್ಮ ಆವಿಷ್ಕಾರವೇನಲ್ಲ. ಇಂಗ್ಲೆಂಡಿನಲ್ಲಿ 1905ರಲ್ಲಿ ಆಟೋಮೊಬೈಲ್ ಅಸೋಸಿಯೇಷನ್ ಹುಟ್ಟಿದ್ದೇ, ಪೊದೆಗಳಲ್ಲಿ ಗಡಿಯಾರ ಹಿಡಿದು ಅವಿತ ಪೊಲೀಸರಿಂದ ಕಾರಿನವರನ್ನು ಪಾರುಮಾಡುವುದಕ್ಕೆ. ಅದರ ಸೈಕಲ್ ಸವಾರರು ಮುಂದೆ ಬಲೆಯಿದೆಯೆಂದು ಸದಸ್ಯರಿಗೆ ಸುಳಿವು ಕೊಡುತ್ತಿದ್ದರು. 1910ರಲ್ಲಿ ನ್ಯಾಯಾಲಯವು ಹೀಗೆ ಎಚ್ಚರಿಸುವುದು ಅಪರಾಧವೆಂದಾಗ ಅವರು ಹೂಡಿದ ಉಪಾಯ ಬಲು ಸೊಗಸು: ಸದಸ್ಯರ ಕಾರಿಗೆ ಎಂದಿನಂತೆ ಸಲಾಮು ಮಾಡುವುದು, ಬಲೆಯಿದ್ದರೆ ಸಲಾಮು ಮಾಡದಿರುವುದು. ಸಲಾಮು ಹೊಡೆಯದಿದ್ದುದಕ್ಕಾಗಿ ಯಾರನ್ನು ಜೈಲಿಗೆ ಕಳುಹಲಾದೀತು? ಈ ಬುದ್ಧಿವಂತಿಕೆಯನ್ನು ಮೆಚ್ಚಿಯೂ ನಾನು ಅದರ ವಿರುದ್ಧ ಪಕ್ಷದಲ್ಲಿದ್ದೇನೆ. ನಿಮ್ಮ ದೀಪವನ್ನು ಕಂಡವನು ಒಂದೆರಡು ಫರ್ಲಾಂಗು ನಿಧಾನಿಸುತ್ತಾನೆ. ಮಾಮಾ ಹಿಂದೆ ಬಿದ್ದೊಡನೆ, ಕಳೆದುಕೊಂಡ ಹೊತ್ತಿಗೆ ಬಡ್ಡಿ ಸೇರಿಸಿ ವಸೂಲು ಮಾಡಿಕೊಳ್ಳುತ್ತಾನೆ. ನೀವು ಉಳಿಸಿಕೊಟ್ಟದ್ದು ಅವನ 2,000 ರೂಪಾಯಿಯನ್ನು. ಅವನ ವೇಗವನ್ನೋ, ಮುಂದಿನ ಊರಿನಲ್ಲಿ ರಸ್ತೆ ದಾಟಲು ನಿಂತಿರುವ ಕಬ್ಬಿನ ಗಾಡಿಯವನ ಪಾಲಿಗೆ ಹಾಗೆಯೇ ಕಳುಹಿಸಿಕೊಟ್ಟಿರಿ. ಕಪ್ತಾನನಿಗೆ ಸ್ಪಾಕ್ ಇದ್ದ, ಜೆಸ್ಸಿಗೆ ನಾರ್ಮನ್ ಇದ್ದ; ಹೆದ್ದಾರಿಯ ಒಂಟಿ ಚಾಲಕನಿಗೆ ಅವನ ಅಂಕಿಯನ್ನು ಮುಖದೆದುರು ಓದಿಹೇಳುವವನು ಮಾಮಾ ಒಬ್ಬನೇ. ಅವನ ಬಾಯಿಯನ್ನು ಮುಚ್ಚಿಸುವ ಹಕ್ಕು ನಮಗಿಲ್ಲ.

ನಿಮ್ಮ ದಾರಿಯ ಮೊದಲ ಹದಿನೈದು ಕಿಲೋಮೀಟರಿನಲ್ಲಿಯೇ, ಹತೋಟಿಯಿಲ್ಲದ ವೇಗವು ಏನು ಮಾಡಬಲ್ಲುದೆಂಬುದಕ್ಕೆ ಸಾಕ್ಷಿಯಿದೆ. ಕಾತ್ರಜದ ಹೊಸ ಸುರಂಗದಿಂದ ನವಲೆ ಸೇತುವೆಯ ಕಡೆಗೆ ಇಳಿಯುವ ಇಳಿಜಾರಿನಲ್ಲಿ, ಬೆಂಗಳೂರಿನಿಂದ ಬರುವ ಭಾರಿ ವಾಹನಗಳು, ಡೀಸೆಲ್ ಉಳಿಸಲು ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಬ್ರೇಕು ಕಾದು, ಹತೋಟಿ ತಪ್ಪುವುದನ್ನು ಈ ಊರು ಮತ್ತೆ ಮತ್ತೆ ಕಂಡಿದೆ. 2022ರ ನವೆಂಬರಿನಲ್ಲಿ ಒಂದೇ ಟ್ರಕ್ಕು ಹತ್ತಾರು ವಾಹನಗಳನ್ನು ಜಜ್ಜಿಕೊಂಡು ಹೋಯಿತು. 2025ರ ನವೆಂಬರಿನಲ್ಲಿ ಮತ್ತೊಂದರಿಂದ ಬೆಂಕಿ ಹೊತ್ತಿ ಹಲವರು ಅಸುನೀಗಿದರು. ಹಬ್ಬ ಮುಗಿಸಿ ನೀವು ಮರಳುವಾಗ ಇಳಿಯುವ ಇಳಿಜಾರು ಅದೇ. ಇದೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸಾಗಿದರೆ ದಾವಣಗೆರೆಯ ಸಮೀಪದ ಆನಗೋಡು ಸಿಕ್ಕುತ್ತದೆ. ದೂರದರ್ಶನಕ್ಕೆ ‘ಮಾಲ್ಗುಡಿ ಡೇಸ್’ ಕೊಟ್ಟ ಶಂಕರನಾಗ್, ಮೂವತ್ತೈದರ ಪ್ರಾಯದಲ್ಲಿ, 1990ರ ಸೆಪ್ಟೆಂಬರ್ 30ರಂದು ಅಪಘಾತದಲ್ಲಿ ತೀರಿಕೊಂಡ ಸ್ಥಳ. ಅಲ್ಲಿ ಯಾರದು ತಪ್ಪೆಂಬ ಚರ್ಚೆಯನ್ನು ಎತ್ತುವುದು ನನ್ನ ಉದ್ದೇಶವಲ್ಲ. ಆ ಊರಿನ ಹೆಸರನ್ನು ಫಲಕದ ಮೇಲೆ ಓದುವಷ್ಟು ನಿಧಾನವಾಗಿ ಅಲ್ಲಿ ಹೋಗಿ ಎಂದಷ್ಟೇ ಕೇಳುತ್ತೇನೆ.

ವೇಗವನ್ನೇ ದ್ವೇಷಿಸುವ ಮುದುಕನೆಂದು ನನ್ನನ್ನು ತಿಳಿಯಬೇಡಿ. ಪುಣೆಯ ಕನ್ನಡಿಗರಲ್ಲಿ ಅಗ್ರಗಣ್ಯರಾದ ಪಂಡಿತ ಭೀಮಸೇನ ಜೋಶಿಯವರಿಗೆ ಕಾರುಗಳ ಮೇಲೆ ಎಷ್ಟು ಮೋಹವಿತ್ತೆಂಬುದು, ಕಛೇರಿಗಳಿಗೆ ಎಷ್ಟೋ ದೂರ ತಾವೇ ಕಾರು ಓಡಿಸಿಕೊಂಡು ಹೋಗುತ್ತಿದ್ದರೆಂಬುದು, ಲೋಕವಿದಿತ. ಊರಿಂದೂರಿಗೆ ವಿಮಾನದಲ್ಲಿ ಹಾರುವ ಅವರನ್ನು ಪು. ಲ. ದೇಶಪಾಂಡೆಯವರು ‘ಹವಾಯಿ ಗಂಧರ್ವ’ರೆಂದು ಕರೆದು ನಕ್ಕಿದ್ದರು. 1953ರಿಂದ ನಡೆದುಬಂದಿರುವ ಸವಾಯಿ ಗಂಧರ್ವ ಉತ್ಸವದ ಚಪ್ಪರದಲ್ಲಿ, ಚಳಿಗೆ ಶಾಲು ಹೊದ್ದು, ಅವರ ಗಾಯನವನ್ನು ಕೇಳುತ್ತ ಕುಳಿತವರಿಗೆ ಗೊತ್ತು: ವಿಲಂಬಿತದಲ್ಲಿ ಒಂದೊಂದೇ ಸ್ವರವನ್ನು ಬಿಡಿಸುತ್ತ ಬಂದು, ಆ ಬಳಿಕ ದ್ರುತಕ್ಕೆ ಏರಿದಾಗ ತಾನುಗಳು ಸಿಡಿಲಿನಂತೆ ಬರುತ್ತಿದ್ದವು; ಮತ್ತು ಆ ಉದ್ದಕ್ಕೂ ತಬಲದವನು ಮಾತ್ರೆಗಳ ಎಣಿಕೆಯನ್ನು ತಪ್ಪದೆ ಕಾಯುತ್ತಿದ್ದ.

ನ್ಯಾಯವಾಗಿ ಹೇಳುವುದಾದರೆ ಮಾಮಾನಿಗೂ ಒಂದು ಮಾತು ಸಲ್ಲಬೇಕು. ವೇಗಮಿತಿಯ ಫಲಕವನ್ನು ಹೂವಿನ ಬಳ್ಳಿ ಮುಚ್ಚಿರುವ ಕಡೆಯಲ್ಲಿಯೇ ಮರದ ಹಿಂದೆ ನಿಲ್ಲುವುದು, ಅಳೆಯುವವನ ಘನತೆಗೆ ಒಪ್ಪುವಂಥದಲ್ಲ. ಬಯಲಿನಲ್ಲಿ ಎಲ್ಲರಿಗೂ ಕಾಣುವಂತೆ ನಿಂತರೆ ದಂಡ ಕಡಿಮೆಯಾಗಬಹುದು, ವೇಗವೂ ಕಡಿಮೆಯಾಗುವುದು, ಬೇಕಾದದ್ದು ಎರಡನೆಯದಲ್ಲವೇ? ಈ ಪತ್ರವನ್ನು ಮರಾಠಿಗೆ ತಿರುಗಿಸಿ ಚೌಕದ ಮಾಮಾನಿಗೆ ಓದಿಹೇಳುವವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಈ ಪರಿಚ್ಛೇದದಿಂದಲೇ ಆರಂಭಿಸಿ.

ನಿಮ್ಮಿಂದ ನಾನು ಕೇಳುವುದು ಡಿಪ್ಪರಿನ ಜೊತೆಗೆ ಇನ್ನೊಂದೆರಡು ಮಾತ್ರ. ಪುಣೆಯಿಂದ ಕೊಲ್ಹಾಪುರದವರೆಗಿನ 230 ಕಿಲೋಮೀಟರನ್ನು 80ರ ಬದಲು 100ರಲ್ಲಿ ಓಡಿಸಿದರೆ ಉಳಿಯುವುದು ಮೂವತ್ತೈದು ನಿಮಿಷ. ಅಷ್ಟನ್ನು ನೀವು ಹೇಗೂ ಕರಾಡದ ಹೋಟೆಲಿನಲ್ಲಿ ಮಿಸಳಿಗಾಗಿ ಕಾಯುತ್ತ ಕಳೆಯುವವರು, ಆದುದರಿಂದ ಅದನ್ನು ಉಳಿಸದೆ ಬಿಟ್ಟುಬಿಡಿ. ಫೆಬ್ರವರಿ 28ರ ವಿಜ್ಞಾನ ದಿನದಂದು ಐಯುಕಾದ ಬಾಗಿಲು ಸಾರ್ವಜನಿಕರಿಗೆ ತೆರೆದಿರುತ್ತದೆ; ನಾರಾಯಣಗಾಂವದ ಹತ್ತಿರ ಖೋಡದದಲ್ಲಿ 45 ಮೀಟರ್ ಅಗಲದ ಮೂವತ್ತು ಬೋಗುಣಿಗಳುಳ್ಳ ರೇಡಿಯೋ ದೂರದರ್ಶಕವೂ ಆ ಸುಮಾರಿಗೆ ನೋಡಲು ಸಿಕ್ಕುತ್ತದೆ. ಬರುವ ವರ್ಷ ಒಂದು ದಿನದ ಮಟ್ಟಿಗೆ ದಕ್ಷಿಣಕ್ಕೆ ಬದಲಾಗಿ ಉತ್ತರಕ್ಕೆ ಹೊರಟು ಅದನ್ನು ಕಂಡುಬನ್ನಿ. ಹಾಗೂ ಈ ಹಬ್ಬಕ್ಕೆ ಊರು ಸೇರಿದ ಮೇಲೆ, ತಂದೆತಾಯಿಗಳನ್ನು ಕೂರಿಸಿಕೊಂಡು ‘ಸ್ಟ್ರೀಟ್ ಹಾಕ್’ನ ಒಂದು ಕಂತನ್ನಾದರೂ ನೋಡಿ; ನಾರ್ಮನ್ ಕಾಣಿಸಿಕೊಂಡಾಗ ಚಿತ್ರವನ್ನು ಮುಂದಕ್ಕೆ ಓಡಿಸಬೇಡಿ.

ಹಬ್ಬದಿಂದ ಮರಳಿದವರಲ್ಲಿ ಯಾರಿಗಾದರೂ ನನ್ನೊಡನೆ ವಾದಿಸಬೇಕೆನ್ನಿಸಿದರೆ ನಮ್ಮ ವಾಡೆಗೆ ಅವಶ್ಯವಾಗಿ ಬರಬಹುದು. ಕಾಫಿಯೂ ಹಳೆಯ ಧಾರಾವಾಹಿಗಳೂ ಸಿದ್ಧವಾಗಿರುತ್ತವೆ. ಚಪ್ಪಲಿಗಳ ವಿಷಯದಲ್ಲಿ ಹಳೆಯ ನಿಯಮವೇ ಜಾರಿಯಲ್ಲಿದೆ, ಅಭಿಪ್ರಾಯಗಳ ವಿಷಯದಲ್ಲಿ ಸಡಿಲಿಸಲಾಗಿದೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮಾತ್ರ, ಪುಣೆಯ ಸನಾತನ ಪದ್ಧತಿಯಂತೆ, ಕರೆಗಂಟೆ ಒತ್ತಬಾರದಾಗಿ ವಿನಂತಿ.

ಇತಿ,
ತಮ್ಮ ಶ್ರೇಯೋಭಿಲಾಷಿ,
ಸದಾಶಿವ ಪೇಟೆಯ ಓರ್ವ ಹಿರಿಯ ಕನ್ನಡಿಗ